ಮರದ ಕೆಳಗೆ ನಿಂತವನು

ನಮ್ಮ ಹಿತ್ತಲಲ್ಲಿ ಎರಡು ತೆಂಗಿನ ಮರಗಳಿವೆ. ನಾನು ನೆಟ್ಟವಲ್ಲ. ಬೊಮ್ಮನಹಳ್ಳಿಯ ಈ ಭಾಗ ಹಿಂದೆ ತೋಟವಾಗಿತ್ತು. ತೋಟ ಸೈಟುಗಳಾದಾಗ, ಪಾಯಕ್ಕೆ ಅಡ್ಡ ಬಾರದ ಮರಗಳು ಉಳಿದುಕೊಂಡವು. ಆಮೇಲೆ ಊರಿಗೆ ನಗರಸಭೆ ಬಂತು, 2007ರಲ್ಲಿ ಅದೂ ಹೋಗಿ ನಾವು ಮಹಾನಗರ ಪಾಲಿಕೆಯೊಳಗೆ ಸೇರಿದೆವು, ಹೊಸೂರು ರಸ್ತೆಯ ನೆತ್ತಿಯ ಮೇಲೆ ಇನ್ನೊಂದು ರಸ್ತೆ ಎದ್ದಿತು. ಮರಗಳು ಇದ್ಯಾವುದನ್ನೂ ಗಮನಿಸದೆ ಬೆಳೆದು ಈಗ ಐವತ್ತು ಅಡಿ ದಾಟಿವೆ.

ಹಳ್ಳಿಯ ತೋಟದಲ್ಲಿ ಕಾಯಿ ತಾನಾಗಿ ಬಿದ್ದರೆ ಆಯ್ದುಕೊಳ್ಳುತ್ತಾರೆ. ಪಟ್ಟಣದಲ್ಲಿ ಅದು ಬೀಳಲು ಜಾಗವಿಲ್ಲ. ಒಂದು ಕಡೆ ಪಕ್ಕದ ಮನೆಯ ಶೀಟಿನ ಮಾಡು, ಇನ್ನೊಂದು ಕಡೆ ಮಕ್ಕಳು ಶಾಲೆಗೆ ಹೋಗುವ ಓಣಿ. ಐವತ್ತು ಅಡಿಯಿಂದ ಬಿದ್ದದ್ದು ಎರಡು ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗ ಗಂಟೆಗೆ 60 ಕಿಲೋಮೀಟರ್‌ಗೆ ಹತ್ತಿರ. ಆದ್ದರಿಂದ ವರ್ಷಕ್ಕೆ ಮೂರು ನಾಲ್ಕು ಸಲ ಯಾರಾದರೂ ಹತ್ತಿ ಕಾಯಿ, ಒಣಗಿದ ಗರಿ ಇಳಿಸಲೇಬೇಕು. ಆ ಲೆಕ್ಕ ಕಾಯಿಗೆ ಮಾತ್ರವಲ್ಲ, ಹತ್ತಿದವನಿಗೂ ಅನ್ವಯಿಸುತ್ತದೆ ಎಂಬುದು ನನಗೆ ಬಹಳ ವರ್ಷ ಹೊಳೆದಿರಲಿಲ್ಲ.

ನಮ್ಮಲ್ಲಿಗೆ ಬರುವವನು ಕನಕಪುರದ ಕಡೆಯವನು, ನಲವತ್ತು ದಾಟಿದವನು. ಅವನ ಸಲಕರಣೆಯೆಂದರೆ ಎರಡು ಪಾದಗಳನ್ನು ಜೋಡಿಸಿ ಹಿಡಿಯುವ ಹಗ್ಗದ ಬಳೆ (ಮಲೆನಾಡಿನವರು ತಳೆ ಎನ್ನುತ್ತಾರೆ), ಸೊಂಟಕ್ಕೆ ಸಿಕ್ಕಿಸಿದ ಮಚ್ಚು, ತಲೆಗೊಂದು ಟವೆಲ್ಲು. ಹೋದ ವರ್ಷ ಮಳೆಗಾಲದಲ್ಲಿ ಪಕ್ಕದ ಮನೆಯವರ ಮಾಡಿನ ಮೇಲೆ ಒಂದು ಕಾಯಿ ಬಿದ್ದು ಶೀಟು ಬಿರುಕು ಬಿಟ್ಟಿತು. ನಾನು ಫೋನು ಮಾಡಿದೆ. ಮರಕ್ಕೆ ನೂರೈವತ್ತು ಎಂದ, ನೂರಿಪ್ಪತ್ತಕ್ಕೆ ಇಳಿಸಿದೆ. "ರಾತ್ರಿ ಮಳೆ ಹುಯ್ದೈತೆ ಸ್ವಾಮಿ, ನಾಳಿದ್ದು ಬರ್ತೀನಿ" ಎಂದ. "ಪಕ್ಕದವರು ಗಲಾಟೆ ಮಾಡ್ತಿದ್ದಾರಪ್ಪ, ಇವತ್ತೇ ಬಾ" ಎಂದೆ. ಬಂದ.

ಅರ್ಧ ಮರ ಏರಿದ್ದ. ಪಾಚಿ ಕಟ್ಟಿದ ಕಡೆ ಪಾದ ಜಾರಿತು. ಮರವನ್ನು ತಬ್ಬಿಕೊಂಡೇ ಹತ್ತು ಅಡಿ ಸರ್ರನೆ ಕೆಳಕ್ಕೆ ಬಂದು, ಹೇಗೋ ಕಚ್ಚಿಕೊಂಡು ನಿಂತ. ಇಳಿದಾಗ ಎದೆ, ತೋಳುಗಳ ಚರ್ಮ ಸುಲಿದು ಹೋಗಿತ್ತು. ನನ್ನ ಹೆಂಡತಿ ಕೊಬ್ಬರಿ ಎಣ್ಣೆ ತಂದುಕೊಟ್ಟಳು. ಅವನು ಒಂದು ಚೊಂಬು ನೀರು ಕುಡಿದು, "ಏನೂ ಆಗಿಲ್ಲ ಅಮ್ಮಾವ್ರೆ" ಎಂದು ನಕ್ಕು ಮತ್ತೆ ಹತ್ತಿದ. ನಾನು ತಡೆಯಲಿಲ್ಲ. ಕೊಡುವಾಗ ನೂರು ರೂಪಾಯಿ ಹೆಚ್ಚು ಕೊಟ್ಟೆ. ಆ ನೂರು ರೂಪಾಯಿ ಯಾವುದರ ಬಾಬ್ತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನನ್ನ ಪರವಾಗಿ ವಾದಿಸುವುದಕ್ಕೆ ಮಾತುಗಳು ಬೇಕಾದಷ್ಟಿವೆ. ಅದು ಅವನ ಕಸುಬು, ಅಪಾಯ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಒಪ್ಪಿಯೇ ಬಂದ ಎನ್ನಬಹುದು. ಆದರೆ ಅವನು ಒಪ್ಪಿದ್ದು ನಾಳಿದ್ದಿಗೆ. ಇವತ್ತಿಗೆ ಒಪ್ಪಿಸಿದವನು ನಾನು. ಮನೆಯಲ್ಲಿ ಅಕ್ಕಿ ಮುಗಿದವನ ಒಪ್ಪಿಗೆಯನ್ನೂ ಅಕ್ಕಿಮೂಟೆ ಇರುವವನ ಒಪ್ಪಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅಪಾಯಕ್ಕೂ ಸೇರಿಸಿಯೇ ಕೂಲಿ ಕೊಟ್ಟಿದ್ದೇನೆ ಎನ್ನಬಹುದು. ಹಾಗಿದ್ದರೆ ಮೂವತ್ತು ಅಡಿಯ ಮರಕ್ಕೂ ಅರವತ್ತು ಅಡಿಯ ಮರಕ್ಕೂ, ಬೇಸಿಗೆಗೂ ಮಳೆಗಾಲಕ್ಕೂ ದರ ಬೇರೆಯಾಗಬೇಕಿತ್ತು. ನಮ್ಮ ಬೀದಿಯಲ್ಲಿ ಒಂದೇ ದರ. ನಾವು ಕೊಡುವುದು ಕಾಯಿಯ ಲೆಕ್ಕ. ಜೀವದ ಲೆಕ್ಕ ಅದರಲ್ಲಿಲ್ಲ.

ಕೊನೆಯ ವಾದ ಎಲ್ಲಕ್ಕಿಂತ ಗಟ್ಟಿ: ಬೆಲ್ಟು ಕೊಟ್ಟರೂ ಇವರು ಹಾಕಿಕೊಳ್ಳುವುದಿಲ್ಲ. ಇದನ್ನು ಪರೀಕ್ಷಿಸಲೆಂದೇ ವಿಚಾರಿಸಲು ಹೊರಟೆ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬಿದ್ದವನನ್ನು ಹಿಡಿದರೂ ಆ ಜಗ್ಗಿಗೆ ಬೆನ್ನುಮೂಳೆ ಘಾಸಿಯಾಗಬಹುದು. ಆದ್ದರಿಂದ ತೊಡೆ, ಎದೆ, ಭುಜಗಳನ್ನು ಬಳಸಿ ಬರುವ ಪೂರ್ತಿ ಮೈಪಟ್ಟಿ ಬೇಕು. ಅದಕ್ಕೆ ಐ.ಎಸ್. 3521 ಎಂಬ ಭಾರತೀಯ ಮಾನಕವಿದೆ. ಪಟ್ಟಿಯಲ್ಲಿ ನೇತಾಡುವವನನ್ನು ಬೇಗ ಇಳಿಸದಿದ್ದರೆ ರಕ್ತ ಕಾಲಿನಲ್ಲಿ ನಿಂತು ಪ್ರಾಣಕ್ಕೇ ಸಂಚಕಾರ; ಹಾಗಾಗಿ ಕೆಳಗೆ ಕೆಲಸ ಬಲ್ಲ ಇನ್ನೊಬ್ಬನಿರಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ಮೊದಲು ಲೈನು ತೆಗೆಸಬೇಕು. ತೊಗಟೆ ಒದ್ದೆಯಿದ್ದರೆ ಹತ್ತಲೇಬಾರದು.

ನಮ್ಮಿಂದ ಐದಾರು ಕಿಲೋಮೀಟರ್ ಆಚೆ, ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿ, ತೆಂಗು ಅಭಿವೃದ್ಧಿ ಮಂಡಳಿಯ ಪ್ರಾದೇಶಿಕ ಕಚೇರಿಯಿದೆ. ಈ ಮಂಡಳಿ 2011ರಲ್ಲಿ ಕೇರಳದಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಆರಂಭಿಸಿ ಮುಂದೆ ಕರ್ನಾಟಕಕ್ಕೂ ತಂದಿತು. ಆರು ದಿನಗಳ ಶಿಬಿರ. ಯಂತ್ರದ ನೆರವಿನಿಂದ ಹತ್ತುವುದು, ಸುಳಿ ಶುಚಿ ಮಾಡುವುದು, ಕೀಟ-ರೋಗ ಗುರುತಿಸುವುದು ಕಲಿಸುತ್ತಾರೆ. ಹತ್ತುವವರಿಗೆ ವಿಮೆಯ ಯೋಜನೆಯೂ ಇದೆ. ಯಂತ್ರಗಳಲ್ಲಿ ಹೆಸರಾದದ್ದು ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕರೊಬ್ಬರು ರೂಪಿಸಿದ್ದು. ಒಂದೊಂದು ಕಾಲಿಗೆ ಒಂದೊಂದು ಕಬ್ಬಿಣದ ಚೌಕಟ್ಟು, ಮರ ಸುತ್ತುವ ಉಕ್ಕಿನ ಹುರಿ. ಮೈಭಾರ ಬಿದ್ದ ಕಡೆ ಹುರಿ ಬಿಗಿಯುತ್ತದೆ, ಇನ್ನೊಂದನ್ನು ಮೇಲಕ್ಕೆ ಸರಿಸುವುದು. ಎದೆ ಸುಲಿಯದು. ಆದರೆ ಯಂತ್ರ ಹತ್ತಿಸುತ್ತದೆ, ಅಷ್ಟೆ. ಮೇಲೆ ನಿಂತು ಕೈ ಚಾಚಿ ಕೊಯ್ಯುವಾಗ ಕಾಯುವುದು ಪಟ್ಟಿಯೇ.

ಇದನ್ನೆಲ್ಲ ಅವನಿಗೆ ಹೇಳಿದೆ. ತಾಳ್ಮೆಯಿಂದ ಕೇಳಿ ಅವನು ಹೇಳಿದ್ದು ಇಷ್ಟೇ: "ಗೊತ್ತು ಸ್ವಾಮಿ. ಅದೆಲ್ಲ ಕಟ್ಕಂಡು ಹತ್ತಿದ್ರೆ ದಿನಕ್ಕೆ ಎಂಟು ಮರ ಆಯ್ತದೆ. ಕಟ್ಕಳ್ದಿದ್ರೆ ಇಪ್ಪತ್ತು. ನೀವು ಕೊಡೋದು ಮರದ ಲೆಕ್ಕ ಅಲ್ವ?"

ನನಗೆ ಮಾತು ಹೊರಡಲಿಲ್ಲ. ಹಗ್ಗ ಬೇಡವೆಂದದ್ದು ಅವನ ಹಟವಲ್ಲ, ನಾನು ಗೊತ್ತುಮಾಡಿದ ದರ. ಸುರಕ್ಷತೆ ಅಂಗಡಿಯಲ್ಲಿ ಸಿಗುವ ಸಾಮಾನು ಎಂದುಕೊಂಡಿದ್ದೆ. ಅದು ಬಹುಪಾಲು ಸಮಯ. ಗಂಟು ಎರಡನೇ ಸಲ ನೋಡಲು, ತೊಗಟೆ ಒಣಗುವ ತನಕ ಕಾಯಲು, ಇವತ್ತು ಬೇಡವೆಂದು ತಿರುಗಿ ಹೋಗಲು ಬೇಕಾದ ಸಮಯ. ನಾನು ಚೌಕಾಸಿ ಮಾಡಿ ಮೂವತ್ತು ರೂಪಾಯಿ ಉಳಿಸಿದ್ದು ಆ ಸಮಯದಿಂದ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊನೆಗೌಡ ಮೇಲಿನಿಂದ ಹಗ್ಗದಲ್ಲಿ ಕೊನೆ ಜಾರಿಬಿಟ್ಟರೆ ಕೆಳಗೊಬ್ಬ ಆ ಹಗ್ಗದ ತುದಿ ಹಿಡಿದಿರುತ್ತಾನೆ. ಹಗ್ಗ ಇರುವುದು ಅಡಿಕೆ ಉದುರದಿರಲಿ ಎಂದು; ಆದರೂ ಮೇಲಿನವನಿಗೂ ಕೆಳಗಿನವನಿಗೂ ನಡುವೆ ಏನೋ ಒಂದು ಎಳೆದುಕೊಂಡಿರುತ್ತದೆ. ಪಟ್ಟಣದಲ್ಲಿ ನಾನು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಮರ ಹತ್ತುವವನನ್ನು ಕೈ ಎಟುಕುವ ತನಕ ತಾನೇ ದೂಡಬಹುದು ಎನ್ನುತ್ತಾರೆ. ನಿಜ. ಆದರೆ ಎಟುಕುವಷ್ಟರ ಮಟ್ಟಿಗಾದರೂ ಕೈ ಚಾಚಬೇಕಲ್ಲ?

ಬೀದಿಯವರನ್ನು ಸೇರಿಸಿದೆ. ನಮ್ಮ ಸಾಲಿನಲ್ಲಿ ಒಟ್ಟು ಏಳು ಮರ. ಮರದ ಲೆಕ್ಕ ಬಿಟ್ಟು ದಿನದ ಲೆಕ್ಕ ಗೊತ್ತುಮಾಡಿದೆವು: ಅವನಿಗೂ, ಕೆಳಗೆ ನಿಲ್ಲುವ ಅವನ ಅಕ್ಕನ ಮಗನಿಗೂ ಕೂಲಿ; ಮಳೆಯೆಂದು ಹತ್ತದೆ ಹೋದರೂ ಅರ್ಧ ದಿನದ್ದು ಖಾತ್ರಿ. ಒಬ್ಬರು "ಹತ್ತದಿದ್ದರೆ ಯಾಕೆ ಕೊಡಬೇಕು?" ಎಂದು ಕೇಳಿದರು. ಹತ್ತದೆ ಇರುವುದಕ್ಕೇ ಕೊಡುತ್ತಿದ್ದೇವೆ ಎಂದೆ. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ, ಹಣ ಕೊಟ್ಟರು. ಪಟ್ಟಿಯನ್ನು ಎಲ್ಲರೂ ಸೇರಿ ಕೊಂಡೆವು.

ಸಂಕ್ರಾಂತಿ ಕಳೆದ ಮೇಲೆ, ಒಣ ಬಿಸಿಲಿನ ಒಂದು ದಿನ ಅವನು ಅದನ್ನು ತೊಟ್ಟು ನಮ್ಮ ಮರ ಹತ್ತಿದ. ಸೆಕೆ ಎಂದು ಗೊಣಗಿದ. ನಡುವೆ ನಿಂತು ಪಟ್ಟಿಯ ಹಗ್ಗವನ್ನು ಮೇಲಕ್ಕೆ ಸರಿಸಿದ, ಮತ್ತೆ ನಿಂತ, ಮತ್ತೆ ಸರಿಸಿದ. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಮರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನನಗೆ ಬ್ಯಾಂಕಿಗೆ ಹೋಗುವುದಿತ್ತು. ಕೆಳಗೆ ನಿಂತು ಎರಡು ಸಲ ಗಡಿಯಾರ ನೋಡಿಕೊಂಡೆ. ಮೂರನೆಯ ಸಲ ನೋಡಲು ಹೋಗಿ, ನಾಚಿಕೆಯಾಗಿ, ಅದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡೆ.