ಮೂರೂವರೆ ರೂಪಾಯಿ ಬಡ್ಡಿ

ಎಳೆಮಗುವಿರುವ ಮನೆಯಲ್ಲಿ ಸಾಲ ಏಳುವುದಕ್ಕೆ ದುಂದುಗಾರಿಕೆಯೇ ಬೇಕಿಲ್ಲ. ಖರ್ಚು ಏರುವ ಹೊತ್ತಿಗೆ ಸರಿಯಾಗಿ ಒಂದು ಸಂಬಳ ನಿಂತುಹೋಗುತ್ತದೆ, ಅಷ್ಟು ಸಾಕು. 2017ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಹೆರಿಗೆ ರಜೆ 26 ವಾರಕ್ಕೆ ಏರಿದ್ದು ನಿಜ. ಆದರೆ ನಾಲ್ಕೇ ಜನ ಕೆಲಸ ಮಾಡುವ ಬಟ್ಟೆ ಅಂಗಡಿಯ ಹುಡುಗಿಗೆ ಅದು ಸಿಗುವುದಿಲ್ಲ, ಮನೆಯಲ್ಲೇ ರವಿಕೆ ಹೊಲಿಯುವವಳಿಗೂ ಇಲ್ಲ. ಸಿಕ್ಕವರಿಗೂ ರಜೆ ಮುಗಿದ ಮರುದಿನ ಮಗುವನ್ನು ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆ. ಐವತ್ತು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಕಾನೂನು ಹೇಳುತ್ತದೆ. ಅದು ಎಲ್ಲಿದೆ ಎಂದು ನಿಮ್ಮ ಬೀದಿಯ ಗಾರ್ಮೆಂಟ್ಸ್ ಹೆಂಗಸರನ್ನು ಕೇಳಿ ನೋಡಿ. ಅತ್ತೆ ಊರಲ್ಲಿ, ಅಮ್ಮನಿಗೆ ಮಂಡಿನೋವು. ಕೊನೆಗೆ ತಾಯಿಯೇ ಕೆಲಸ ಬಿಡುತ್ತಾಳೆ. ಹೆರಿಗೆ ಬಿಲ್ಲಿನ ಬಾಕಿ, ಮಕ್ಕಳ ಡಾಕ್ಟರ ಫೀಸು, ಮೊದಲ ಹುಟ್ಟುಹಬ್ಬಕ್ಕೆ ಹಿಡಿದ ಪಾರ್ಟಿ ಹಾಲ್, ಎಲ್ಲ ಒಂದೊಂದಾಗಿ ಗಂಡನ ಕ್ರೆಡಿಟ್ ಕಾರ್ಡಿಗೆ ಹತ್ತುತ್ತವೆ.

ಇಂಥ ಮನೆಗೆ ಬರುವ ಬುದ್ಧಿವಾದವೆಲ್ಲ ನೇರ ಅಡುಗೆಮನೆಗೇ ನುಗ್ಗುತ್ತದೆ. ಹಾಲು ಅರ್ಧ ಲೀಟರ್ ಇಳಿಸಿ, ಹಣ್ಣು ವಾರಕ್ಕೊಮ್ಮೆ ತನ್ನಿ, ಗ್ಯಾಸ್ ಸಣ್ಣಗಿಡಿ. ಇದು ತಪ್ಪು ತುದಿಯಿಂದ ಹಿಡಿದ ಲೆಕ್ಕ ಎಂದು ನನಗನ್ನಿಸುತ್ತದೆ.

ಹಳ್ಳಿಯ ಯಾವುದಾದರೂ ಅಜ್ಜನ ಮುಂದೆ "ಮೂರು ರೂಪಾಯಿ ಬಡ್ಡಿಗೆ ದುಡ್ಡು ತಂದೆ" ಎಂದು ಹೇಳಿ. ನೂರಕ್ಕೆ ತಿಂಗಳಿಗೆ ಮೂರು ಎಂದರೆ ಮನೆ ಮುಳುಗಿತೆಂದೇ ಅವನ ಲೆಕ್ಕ; ಬೈಯದೆ ಬಿಡುವುದಿಲ್ಲ. ಅವನದೇ ಮೊಮ್ಮಗ ಬೆಂಗಳೂರಿನಲ್ಲಿ ಕಾರ್ಡಿನ ಬಾಕಿಗೆ ಮೂರೂವರೆ ರೂಪಾಯಿ ಬಡ್ಡಿ ಕಟ್ಟುತ್ತಿರುತ್ತಾನೆ, ಯಾರೂ ಬೈಯುವುದಿಲ್ಲ. ಐವತ್ತು ಸಾವಿರ ಬಾಕಿ ಇದೆ ಎಂದುಕೊಳ್ಳಿ. ತಿಂಗಳ ಬಡ್ಡಿ 1,750. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅದು 315. ಅವನು ಎರಡೂವರೆ ಸಾವಿರ ಕಟ್ಟಿ ನೆಮ್ಮದಿಯಾಗಿ ಮಲಗಿದರೆ ಅಸಲಿನಲ್ಲಿ ಇಳಿದದ್ದು 435 ರೂಪಾಯಿ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ: ಹಳೇ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ಗಡುವು ಸಿಗುವುದಿಲ್ಲ. ನಿನ್ನೆ ತಂದ ಡೈಪರ್ ಪ್ಯಾಕಿಗೂ ನಿನ್ನೆಯಿಂದಲೇ ಬಡ್ಡಿ.

ಅದೇ ಐವತ್ತು ಸಾವಿರವನ್ನು ಬ್ಯಾಂಕಿನಲ್ಲಿ ಒಡವೆ ಇಟ್ಟು ತಂದರೆ, ವರ್ಷಕ್ಕೆ ಶೇ 10ರ ಲೆಕ್ಕದಲ್ಲಿ, ತಿಂಗಳಿಗೆ 420 ರೂಪಾಯಿಯ ಆಸುಪಾಸು. ತಿಂಗಳಿಗೆ ಸಾವಿರದ ಆರುನೂರಕ್ಕೂ ಮಿಕ್ಕಿ ಉಳಿಯಿತು. ಇಷ್ಟು ಉಳಿಸಲು ಮಗುವಿನ ಹಾಲಿಗೆ ಎಷ್ಟು ನೀರು ಬೆರೆಸಬೇಕಾದೀತು? ಆದರೂ ಒಡವೆ ಇಡುವ ಮಾತೆತ್ತಿದರೆ ಮನೆಯವರ ಮುಖ ಸಣ್ಣದಾಗುತ್ತದೆ. ನಾಮಕರಣಕ್ಕೆ ಸೋದರಮಾವ ಹಾಕಿದ ಉಂಗುರ, ಅಜ್ಜಿ ಕೊಟ್ಟ ಸರ ಬೀರುವಿನಲ್ಲಿ ಭದ್ರವಾಗಿರುತ್ತವೆ, ಕಾರ್ಡು ಮಾತ್ರ ಅಂಗಡಿ ಅಂಗಡಿಯಲ್ಲಿ ಉಜ್ಜಿಸಿಕೊಳ್ಳುತ್ತಿರುತ್ತದೆ. ಗಿರವಿಗೆ ನಾಚಿಕೆ, ಕಾರ್ಡಿಗೆ ಪ್ರತಿಷ್ಠೆ! ಹಾಗೆಂದು ಒಡವೆ ಸಾಲ ಎಲ್ಲರಿಗೂ ಹೊಂದುವುದಿಲ್ಲ. ಕಾರ್ಡು ಖಾಲಿಯಾಯಿತಲ್ಲ ಎಂದು ಮತ್ತೆ ಉಜ್ಜುವವರಿಗೆ ಎರಡು ಸಾಲ ಒಟ್ಟಿಗೆ ನಿಲ್ಲುತ್ತವೆ, ಗಡುವು ಮೀರಿದರೆ ಸರ ಹರಾಜಿಗೆ ಹೋಗುತ್ತದೆ.

ಇದಕ್ಕೂ ಮೊದಲು ಆಗಬೇಕಾದ ಕೆಲಸ ಕಷ್ಟದ್ದು. ಗಂಡನ ಕಾರ್ಡಿನ ಬಾಕಿ ಹೆಂಡತಿಗೆ ಗೊತ್ತಿರುವುದಿಲ್ಲ. ಹೆಂಡತಿ ಸಂಘದಲ್ಲಿ ಎತ್ತಿದ ಸಾಲ, ನಾದಿನಿಯ ಹತ್ತಿರ ತಂದ ಕೈಗಡ ಗಂಡನಿಗೆ ಗೊತ್ತಿರುವುದಿಲ್ಲ. ಮಗು ಮಲಗಿದ ಮೇಲೆ ಇಬ್ಬರೂ ಕೂತು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಜಗಳವೇ ಆಗುತ್ತದೆ, ಆಗಲಿ. ಸಾಲದ ಮೊತ್ತ ನೋಡಬೇಡಿ, ಬಡ್ಡಿ ನೋಡಿ ಸಾಲಾಗಿ ಬರೆಯಿರಿ. ಉಳಿದವಕ್ಕೆ ಕಂತು ಎಷ್ಟೋ ಅಷ್ಟು, ಕೈಯಲ್ಲಿ ಮಿಕ್ಕಿದ್ದೆಲ್ಲ ಎಲ್ಲಕ್ಕಿಂತ ದುಬಾರಿ ಬಡ್ಡಿಯದಕ್ಕೆ. ಕಂತು ತಪ್ಪಿದ ಮನೆಯವರಿಗೆ ಒಂದು ಮಾತು: ಮೈಕ್ರೋಫೈನಾನ್ಸ್ ವಸೂಲಿಯವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಫೋನು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಕಿರುಕುಳ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು ಎಂದು ಕರ್ನಾಟಕ 2025ರಲ್ಲಿ ಕಾನೂನನ್ನೇ ತಂದಿದೆ. ಬಾಗಿಲಲ್ಲಿ ಕೂಗಾಡುವವರ ಬಾಯಿ ಮುಚ್ಚಿಸಲು ಇಷ್ಟು ಗೊತ್ತಿದ್ದರೆ ಒಳ್ಳೆಯದು. ಸಾಲ ಮಾತ್ರ ಸಾಲವೇ, ತೀರಿಸಬೇಕು.

ಇನ್ನು ಮಗುವಿನ ಖರ್ಚು. ಇಳಿಸಲು ಜಾಗವಿದೆ, ಮಗುವಿಗೆ ಗೊತ್ತೇ ಆಗದ ಜಾಗಗಳಲ್ಲಿ. ಪೆಂಟಾವೇಲೆಂಟ್, ರೋಟಾ, ದಡಾರ-ರುಬೆಲ್ಲಾ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ನ್ಯುಮೋನಿಯಾ ತಡೆಯುವ ಪಿಸಿವಿಯೂ 2021ರಿಂದ ದೇಶದಾದ್ಯಂತ ಅಲ್ಲಿ ಸಿಗುತ್ತಿದೆ. ಖಾಸಗಿಯಲ್ಲಿ ಅದರ ಒಂದೊಂದು ಡೋಸಿಗೂ ಸಾವಿರಗಟ್ಟಲೆ. "ನೋವಿಲ್ಲದ ಇಂಜೆಕ್ಷನ್" ಎಂದು ಹೆಚ್ಚು ಹಣಕ್ಕೆ ಕೊಡುವುದರಲ್ಲಿ ಜ್ವರ ಕಡಿಮೆ ಎನ್ನುವುದು ನಿಜ, ಸರ್ಕಾರಿ ಲಸಿಕೆಯ ರಕ್ಷಣೆ ಅದಕ್ಕಿಂತ ಕಡಿಮೆ ಎನ್ನುವುದು ಸುಳ್ಳು. ಬೆಂಚಿನ ಮೇಲೆ ತಾಯಿ ಕಾರ್ಡು ಹಿಡಿದು ಒಂದು ಗಂಟೆ ಕಾಯಬೇಕು, ಅಷ್ಟೇ.

ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರಕ್ಕೆ ಜಾಹೀರಾತು ಕೊಡುವುದನ್ನೇ ನಮ್ಮ ಕಾನೂನು ನಿಷೇಧಿಸಿದೆ. ಆದರೂ ಡಬ್ಬಿಗಳು ಮನೆ ಸೇರುತ್ತಲೇ ಇವೆ. ಆರು ತಿಂಗಳು ತುಂಬಿದ ಮೇಲೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿ ಉಣಿಸಿ ಬೆಳೆಸಿದ ನಾಡು ಇದು. ಒಂದು ಸಲ ಮಾಡಿದರೆ ವಾರಗಟ್ಟಲೆ ಬರುತ್ತದೆ. ತೊಟ್ಟಿಲು, ಕುಲಾವಿ, ವಾಕರ್ ಯಾವುದನ್ನೂ ಕೊಳ್ಳಬೇಕಿಲ್ಲ, ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಇದ್ದೇ ಇರುತ್ತವೆ. (ವಾಕರ್ ಅಲ್ಲೇ ಇರಲಿ, ಬಿದ್ದು ಪೆಟ್ಟಾಗುವುದೇ ಹೆಚ್ಚು.) ಅಂಗನವಾಡಿಯ ಬಗ್ಗೆ ಮಧ್ಯಮವರ್ಗ ಯಾಕೆ ಮೂಗು ಮುರಿಯುತ್ತದೋ ಕಾಣೆ. 1975ರಲ್ಲಿ ದೇಶದಲ್ಲಿ ಆ ಯೋಜನೆ ಮೊದಲು ಶುರುವಾದ ಕೆಲವೇ ಜಾಗಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಮೂರು ತುಂಬಿದ ಮಗುವಿಗೆ ಅಲ್ಲಿ ಬಿಸಿಯೂಟವೂ ಸಿಗುತ್ತದೆ, ಜೊತೆಗಾರರೂ ಸಿಗುತ್ತಾರೆ. ಅದೇ ವಯಸ್ಸಿಗೆ ಪ್ಲೇಹೋಮಿಗೆ ಸಾಲ ಮಾಡಿ ಫೀಸು ಕಟ್ಟುವವರನ್ನು ನಾನು ಬಲ್ಲೆ.

ಇಳಿಸಬಾರದ್ದು ಹಾಲು, ಮೊಟ್ಟೆ, ಬೇಳೆ, ಹಣ್ಣು. ಬಾಣಂತಿಯ ತಟ್ಟೆಗಂತೂ ಕೈ ಹಾಕಲೇಬೇಡಿ. ಮನೆಯಲ್ಲಿ ಕೈ ಬಿಗಿಯಾದಾಗ ತನ್ನ ಪಾಲಿನ ಹಣ್ಣನ್ನು ಮೊದಲು ಬಿಡುವವಳು ಅವಳೇ, ಯಾರಿಗೂ ಹೇಳುವುದೂ ಇಲ್ಲ.

ಕೊನೆಯದು ಕೇಳಿದರೆ ಕೆಲವರಿಗೆ ಕಸಿವಿಸಿಯಾಗಬಹುದು. ಹೆಣ್ಣುಮಗು ಹುಟ್ಟಿದೊಡನೆ ಸುಕನ್ಯಾ ಖಾತೆ ತೆರೆದು, ಕಾರ್ಡಿನ ಬಾಕಿ ಹಾಗೇ ಇಟ್ಟುಕೊಂಡು, ತಿಂಗಳು ತಪ್ಪದೆ ಎರಡು ಸಾವಿರ ಕಟ್ಟುವ ಅಪ್ಪಂದಿರಿದ್ದಾರೆ. ಪ್ರೀತಿಯೇ, ಅನುಮಾನವಿಲ್ಲ. ಆದರೆ ಶೇ 8.2ರ ಬಡ್ಡಿಯಲ್ಲಿ ಆ ಖಾತೆಯ ಸಾವಿರ ರೂಪಾಯಿ ವರ್ಷಕ್ಕೆ 82 ತರುತ್ತದೆ. ಕಾರ್ಡಿನಲ್ಲಿ ಉಳಿದ ಸಾವಿರ ಅದೇ ವರ್ಷ ತೆರಿಗೆ ಸೇರಿ 495ಕ್ಕೂ ಹೆಚ್ಚು ಕೀಳುತ್ತದೆ. ಖಾತೆಗೆ ಹೋದ ಹಣ ನಡುವೆ ಆಸ್ಪತ್ರೆ ಖರ್ಚು ಬಂದರೂ ಸುಲಭಕ್ಕೆ ಕೈಗೆ ಬಾರದು. ಖಾತೆ ಚಾಲ್ತಿಯಲ್ಲಿರಲು ವರ್ಷಕ್ಕೆ 250 ರೂಪಾಯಿ ಕಟ್ಟಿದರೆ ಸಾಕು. ಕಾರ್ಡು ತೀರುವವರೆಗೆ ಅಷ್ಟೇ ಕಟ್ಟಲಿ, ಆಮೇಲೆ ಎರಡರ ಬದಲು ನಾಲ್ಕು ಸಾವಿರ ಕಟ್ಟಲು ಯಾರೂ ಅಡ್ಡ ಬರುವುದಿಲ್ಲ.