ತಬ್ಬಲಿ ಬಾವಿಯ ಋಣ

ಹೋದ ಯುಗಾದಿಯ ಮರುದಿನ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಟೈಟಸ್‌ವಿಲ್ ಹತ್ತಿರದ ಕಾಡಿನಲ್ಲಿ ಮೊಣಕಾಲೆತ್ತರದ ತುಕ್ಕು ಹಿಡಿದ ಕೊಳವೆಯೊಂದನ್ನು ಕಂಡೆ. ಹಿಮ ಕರಗಿ ಅದರ ಬುಡದಲ್ಲಿ ನಿಂತಿದ್ದ ನೀರು ಒಲೆಯ ಮೇಲಿನ ಎಸರಿನಂತೆ ಗುಳುಗುಳು ಎನ್ನುತ್ತಿತ್ತು. ಬೆರಳಿಟ್ಟರೆ ಕೊರೆಯುವಷ್ಟು ತಣ್ಣಗೆ. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ, ಮೂಗಿಗೆ ಸೀಮೆಎಣ್ಣೆಯ ವಾಸನೆ. ಇಂಥ ಹಳೆಯ ಎಣ್ಣೆ ಬಾವಿಗಳಿಂದ ಮೇಲೇಳುವುದು ಮೀಥೇನ್. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಎಡ್ವಿನ್ ಡ್ರೇಕ್ 1859ರಲ್ಲಿ ಸುಮಾರು 70 ಅಡಿ ಕೊರೆದು ಎಣ್ಣೆ ಕಂಡದ್ದು ಈ ಊರಿನ ಪಕ್ಕದಲ್ಲೇ. ಆಮೇಲೆ ಕೊರೆದವರು ಒಬ್ಬಿಬ್ಬರಲ್ಲ. ಎಣ್ಣೆ ಬತ್ತಿದರೆ ಮರದ ಕೊರಡನ್ನೋ ಕಲ್ಲನ್ನೋ ತುರುಕಿ ಹೊರಟುಬಿಡುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಉಕ್ಕು ಬೇಕೆಂದು ಎಷ್ಟೋ ಬಾವಿಗಳ ಕೇಸಿಂಗ್ ಪೈಪನ್ನೂ ಎಳೆದುಕೊಂಡರು. ಅಲ್ಲಿಗೆ ಎಣ್ಣೆ, ಉಪ್ಪುನೀರು ಒಂದು ಕಡೆ, ಕುಡಿಯುವ ನೀರು ಇನ್ನೊಂದು ಕಡೆ ಎಂಬ ಗೋಡೆಯೂ ಹೋಯಿತು.

ಯಜಮಾನ ಸಿಗದ ಇವಕ್ಕೆ ಸರ್ಕಾರಿ ಕಡತದಲ್ಲಿ ತಬ್ಬಲಿ ಬಾವಿ ಎಂದೇ ಹೆಸರು. ನಮ್ಮ ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೊರಟವಳು. ಇವನ್ನು ಯಾರೂ ಯಾರಿಗೂ ಒಪ್ಪಿಸಲಿಲ್ಲ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತೇವೆ. ಮಾಡಿದವರು ಸತ್ತು ನೂರು ವರ್ಷವಾಗಿದ್ದರೆ?

ಚಿಂತಾಮಣಿ ಹತ್ತಿರ ನಮ್ಮಪ್ಪ ಒಂದೆಕರೆ ಕೊಂಡಾಗ, ಹಿಂದಿನವರು ಕೊರೆಸಿ ನೀರು ಬಾರದೆ ಬಿಟ್ಟ ಬೋರು ಬಾಯಿ ತೆರೆದುಕೊಂಡೇ ಇತ್ತು. ಅಪ್ಪ ಅದಕ್ಕೆ ಕಲ್ಲು, ಮಣ್ಣು ತುಂಬಿಸಿ ಚಪ್ಪಡಿ ಎಳೆಸಿದರು. ‘ಕೂಲಿ ದುಡ್ಡು ಅವರನ್ನ ಕೇಳಪ್ಪ’ ಎಂದೆ. ‘ಬೀಳೋ ಮಗು ಬೋರು ಯಾರದು ಅಂತ ಕೇಳ್ಕೊಂಡು ಬೀಳ್ತದೇನೋ?’ ಎಂದರು.

ಕರ್ಮಫಲ ಮಾಡಿದವನದೇ ಎಂದು ನಾನೂ ನಂಬುತ್ತೇನೆ. ಆದರೆ ಮುಚ್ಚುವ ಧರ್ಮ ಕಂಡವನದು. ಅವನ ಪಾಪ ಅವನಿಗೆ ಎಂದು ದಾಟಿಹೋಗಲು ಕರ್ಮಸಿದ್ಧಾಂತವನ್ನು ನೆಪ ಮಾಡಿಕೊಳ್ಳುವುದು ತಪ್ಪು. ಬಾವಿ ತೋಡಿಸುವುದನ್ನು ನಮ್ಮ ಹಿರಿಯರು ಪೂರ್ತವೆಂದು ಕರೆದು ಪುಣ್ಯಕ್ಕೆ ಸೇರಿಸಿದರು. ಈ ಕಾಲಕ್ಕೆ ಬಾವಿ ಮುಚ್ಚಿಸುವುದನ್ನೂ ಅದಕ್ಕೆ ಸೇರಿಸಬೇಕು. ಅಲ್ಲದೆ, ಈ ಋಣದಲ್ಲಿ ನನ್ನ ಪಾಲೂ ಇದೆ: ಎಣ್ಣೆ ಸುಟ್ಟ ವಿಮಾನದಲ್ಲೇ ನಾನು ಅಮೆರಿಕಕ್ಕೆ ಬಂದದ್ದು.

ತಬ್ಬಲಿ ಬಾವಿಗಳನ್ನು ತೊಳೆದು ಸಿಮೆಂಟ್ ತುಂಬಿ ಮುಚ್ಚಲು ಅಮೆರಿಕದ 2021ರ ಒಂದು ಕಾಯ್ದೆ 470 ಕೋಟಿ ಡಾಲರ್ ತೆಗೆದಿಟ್ಟಿತು. ಅದರಲ್ಲಿ ನನ್ನ ತೆರಿಗೆಯೂ ಇದೆ ಎಂಬುದು ನನಗೆ ಸಮಾಧಾನ. ನಾನು ಕಂಡ ಕೊಳವೆಯ ಜಾಗವನ್ನು ರಾಜ್ಯದ ಪರಿಸರ ಇಲಾಖೆಗೆ ಬರೆದು ತಿಳಿಸಿದ್ದೇನೆ. ಊರಿನಲ್ಲಿ ನಿಮ್ಮ ಹೊಲದಲ್ಲೋ ಪಕ್ಕದವರ ಹೊಲದಲ್ಲೋ ಬತ್ತಿದ ಬೋರು ಬಾಯಿ ಬಿಟ್ಟುಕೊಂಡಿದ್ದರೆ, ದಯವಿಟ್ಟು ಇವತ್ತೇ ಒಂದು ಚಪ್ಪಡಿ ಎಳೆಸಿ.