ಯುದ್ಧ ‘ಕೊನೆಯ ಅಸ್ತ್ರ’ ಆಗುವುದು ಯಾವಾಗ?

ಯುದ್ಧ ಕೊನೆಯ ಅಸ್ತ್ರವಾಗಿರಬೇಕೆಂಬ ಮಾತನ್ನು ಯಾವ ದೇಶದ ನಾಯಕರೂ ಅಲ್ಲಗಳೆಯುವುದಿಲ್ಲ. ಸಾಮ, ದಾನ, ಭೇದ, ದಂಡ ಎಂದು ನಮ್ಮ ರಾಜನೀತಿಯೂ ದಂಡವನ್ನು ಕೊನೆಗೇ ಇಟ್ಟಿದೆ. ಪಶ್ಚಿಮದ ನ್ಯಾಯಯುದ್ಧ ಚಿಂತನೆಯ ಮುಖ್ಯ ನಿಯಮಗಳಲ್ಲಿ ಇದೂ ಒಂದು. ತೊಡಕೆಲ್ಲ ಇರುವುದು ಇಲ್ಲಿ: ಉಳಿದ ದಾರಿಗಳು ಮುಚ್ಚಿದವು ಎಂದು ತೀರ್ಮಾನಿಸುವುದು ಹೇಗೆ?

ಅಕ್ಷರಶಃ ಹಿಡಿದರೆ ಆ ‘ಕೊನೆ’ ಬರುವುದೇ ಇಲ್ಲ ಎನ್ನುತ್ತಾರೆ ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್. ಇನ್ನೊಂದು ಸುತ್ತಿನ ಮಾತುಕತೆ ಯಾವತ್ತೂ ಸಾಧ್ಯವೇ. ಆದ್ದರಿಂದ ಎಷ್ಟು ಸಲ ಯತ್ನಿಸಿದೆವು ಎಂಬುದಕ್ಕಿಂತ, ಫಲ ಕೊಡಬಹುದಾದ ದಾರಿಗಳನ್ನು ಪ್ರಾಮಾಣಿಕವಾಗಿ ಹಿಡಿದು ನೋಡಿದೆವೇ ಎಂಬುದೇ ಮುಖ್ಯ.

ಅಂಥ ಯತ್ನಕ್ಕೆ ಒಂದು ಉದಾಹರಣೆ ನೋಡಿ. 1962ರ ಅಕ್ಟೋಬರ್ 16ರಂದು, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ನೆಲೆಗಳು ಏಳುತ್ತಿರುವುದು ಅಮೆರಿಕದ ಅಧ್ಯಕ್ಷ ಕೆನಡಿಗೆ ತಿಳಿಯಿತು. ಸೇನಾ ಮುಖ್ಯಸ್ಥರು ವಾಯುದಾಳಿಗೆ ಒತ್ತಾಯಿಸಿದರು. ಕೆನಡಿ ನೌಕಾ ದಿಗ್ಬಂಧನ ಆರಿಸಿಕೊಂಡರು. ಅದರಲ್ಲಿ ಬಲಪ್ರದರ್ಶನವಿತ್ತು, ಮಾತಿಗೆ ಕಾಲಾವಕಾಶವೂ ಇತ್ತು. 27ರಂದು ಅಮೆರಿಕದ ಬೇಹು ವಿಮಾನವೊಂದನ್ನು ಕ್ಯೂಬಾದಲ್ಲಿ ಹೊಡೆದುರುಳಿಸಲಾಯಿತು, ಪೈಲಟ್ ಸತ್ತರು. ದಾಳಿಗೆ ಅಷ್ಟು ಕಾರಣ ಸಾಕಿತ್ತು. ಆದರೆ ಅಂದು ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರನ್ನು ಕಂಡರು. ಕ್ಯೂಬಾದ ಮೇಲೆ ದಂಡೆತ್ತುವುದಿಲ್ಲ, ಟರ್ಕಿಯಲ್ಲಿರುವ ನಮ್ಮ ಕ್ಷಿಪಣಿಗಳನ್ನೂ ಸದ್ದಿಲ್ಲದೆ ತೆಗೆಯುತ್ತೇವೆ ಎಂದು ಭರವಸೆ ಕೊಟ್ಟರು. ಮರುದಿನವೇ ಸೋವಿಯತ್ ನಾಯಕ ಕ್ರುಶ್ಚೇವ್ ತಮ್ಮ ಕ್ಷಿಪಣಿಗಳನ್ನು ಹಿಂತೆಗೆಯಲು ಒಪ್ಪಿದರು. ಎದುರಾಳಿಗೆ ಮಾನ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಸಿಕ್ಕಿತ್ತು.

ರಣರಂಗದಲ್ಲೇ ಬಳಸುವಂಥ ಕಿರು ಅಣ್ವಸ್ತ್ರಗಳು ಆ ಹೊತ್ತಿಗಾಗಲೇ ಕ್ಯೂಬಾದಲ್ಲಿದ್ದವು ಎಂಬುದು ಅಮೆರಿಕಕ್ಕೆ ತಿಳಿದದ್ದು ದಶಕಗಳ ನಂತರ. ಬಲಪ್ರಯೋಗವನ್ನು ಕೊನೆಗಿಡಲು ಇದೇ ಗಟ್ಟಿ ಕಾರಣ. ನಮ್ಮ ತಿಳಿವಳಿಕೆ ಯಾವಾಗಲೂ ಅರೆಬರೆ. ಸಂಧಾನದ ತಪ್ಪನ್ನು ನಾಳೆ ತಿದ್ದಬಹುದು, ಸತ್ತವರನ್ನು ಮರಳಿಸಲಾಗದು.

ಹಾಗೆಂದು ಕಾಯುವುದೆಲ್ಲ ಧರ್ಮವೂ ಅಲ್ಲ. 1994ರಲ್ಲಿ ರುವಾಂಡದಲ್ಲಿ ಟುಟ್ಸಿ ಜನರ ಹತ್ಯಾಕಾಂಡ ನಡೆಯುತ್ತಿದ್ದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಶಾಂತಿಪಡೆಯನ್ನು ಹೆಚ್ಚಿಸುವ ಬದಲು ಸುಮಾರು 270 ಮಂದಿಗೆ ಇಳಿಸಲು ನಿರ್ಣಯಿಸಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಕೊಲೆಯಾದರು. ಅಲ್ಲಿ ಹಿಂಜರಿಕೆಗೆ ಬೆಲೆ ತೆತ್ತವರು ನಿರ್ಣಯ ಕೈಗೊಂಡವರಲ್ಲ.

ಆದ್ದರಿಂದ ಯುದ್ಧದ ಮಾತು ಬಂದಾಗಲೆಲ್ಲ ಪ್ರಜೆಗಳಾದ ನಾವು ಎರಡು ಪ್ರಶ್ನೆ ಕೇಳಲೇಬೇಕು. ಎದುರಾಳಿ ಒಪ್ಪಬಹುದಾದ ಯಾವ ಪ್ರಸ್ತಾಪವನ್ನು ಅವರ ಮುಂದಿಟ್ಟಿದ್ದೇವೆ? ಕಾಯುವುದರಿಂದ ಸಾಯುವವರು ಯಾರು? ಇವೆರಡಕ್ಕೂ ನೇರ ಉತ್ತರ ಕೊಡಲಾಗದ ಸರ್ಕಾರಕ್ಕೆ ಯುದ್ಧವನ್ನು ಕೊನೆಯ ಅಸ್ತ್ರವೆಂದು ಕರೆಯುವ ಹಕ್ಕಿಲ್ಲ.